ಮಾತ್ರೆ ಪುಕ್ಕಟೆ, ಊಟ ನಮ್ಮದು

ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವವರಿಗೆ ಕೆಮ್ಮು ಹೊಸದಲ್ಲ. ಆಂಧ್ರದ ಆದವಾನಿಯಲ್ಲಿ ಹತ್ತಿಯ ಸೀಜನ್ ಶುರುವಾಯಿತೆಂದರೆ ನಮ್ಮ ಓಣಿಯ ಅರ್ಧ ಗಂಡಸರು ಕೆಮ್ಮುತ್ತಲೇ ಮನೆಗೆ ಬರುತ್ತಾರೆ. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಕಿವಿಯೊಳಗೆಲ್ಲ ಹತ್ತಿಯ ಎಳೆ. ನಮ್ಮ ಮನೆಯವರು ಉರುಕುಂದಪ್ಪ ಕೂಡ ಹಾಗೆಯೇ ಬಂದು, ಮುಖ ತೊಳೆದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮಗಳ ಪಕ್ಕ ಕೂರುತ್ತಿದ್ದರು. ನಾಲ್ಕನೇ ಕ್ಲಾಸಿನ ಭಾಗ್ಯ ತೆಲುಗು ಪಾಠ ಓದುವುದು, ಅಪ್ಪ ತಪ್ಪು ಹಿಡಿಯುವುದು, ಅವಳು ಅಪ್ಪನದೇ ತಪ್ಪೆಂದು ವಾದಿಸುವುದು. ಇದು ನಮ್ಮ ಮನೆಯ ಸಂಜೆ.

ಆ ವರ್ಷ ಸೀಜನ್ ಮುಗಿಯಿತು. ಕೆಮ್ಮು ಮುಗಿಯಲಿಲ್ಲ.

ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅಂಗಿಗಳು ಸಡಿಲವಾದವು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಅವರ ಅಂಗಿಗಳನ್ನೂ ಪಕ್ಕೆಯಲ್ಲಿ ಹಿಡಿದು ಹೊಲಿದುಕೊಟ್ಟೆ. ಧೂಳಿನ ಕೆಮ್ಮು, ಮಳೆ ಬಿದ್ದರೆ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಟವೆಲ್ಲಿನ ಮೇಲೆ ರಕ್ತ ಕಂಡಿತು.

ಸರ್ಕಾರಿ ಆಸ್ಪತ್ರೆಗೆ ಹೋದೆವು. ಕಫದ ಟೆಸ್ಟ್, ಎಕ್ಸ್-ರೇ, ಮತ್ತೆ ಮರುದಿನ ಬನ್ನಿ ಎಂದರು. ಮರುದಿನ ಡಾಕ್ಟರಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು. "ಟಿಬಿ ಉಂದಮ್ಮಾ. ಭಯಪಡೊದ್ದು," ಎಂದರು. ಟಿಬಿ ಇದೆ, ಹೆದರಬೇಡ. ಮಾತ್ರೆಗಳು ಪುಕ್ಕಟೆ, ಒಂದು ದಿನವೂ ತಪ್ಪಿಸಬಾರದು, ಆರು ತಿಂಗಳು. ಸದ್ಯ ಮಿಲ್ಲಿನ ಕೆಲಸ ಬೇಡ. ಊಟ ಮಾತ್ರ ಗಟ್ಟಿ ಇರಬೇಕು: ದಿನಾ ಮೊಟ್ಟೆ, ಹಾಲು, ಬೇಳೆ, ಶೇಂಗಾ. ತೂಕ ಏರದಿದ್ದರೆ ಮಾತ್ರೆಗಳಿಗೂ ಕಷ್ಟ ಎಂದರು.

ಹೊರಗೆ ಬಂದು ಗೋಡೆಯ ನೆರಳಲ್ಲಿ ನಿಂತೆವು. ಅವರು ನಗುತ್ತ ಹೇಳಿದರು: "ಮಾತ್ರಿ ಇವ್ರು ಕೊಡ್ತಾರ. ತತ್ತಿ ಯಾರು ಕೊಡ್ತಾರ?"

ನಗು ಅಲ್ಲೇ ಕೆಮ್ಮಾಯಿತು. ನಾನು ಬೆನ್ನು ಸವರುತ್ತ ನಿಂತೆ.

ರೋಗ ಅಂದರೆ ದೊಡ್ಡ ದೊಡ್ಡ ಸಂಗತಿಗಳು ಎಂದು ನಾನು ತಿಳಿದಿದ್ದೆ. ಆಪರೇಷನ್, ಐಸಿಯು, ಆಂಬ್ಯುಲೆನ್ಸ್. ನಮ್ಮ ಮನೆಗೆ ಬಂದ ರೋಗ ನೇರವಾಗಿ ಅಡುಗೆಮನೆಗೆ ಬಂದು ಕೂತಿತು. ಮಿಲ್ಲಿನ ಕೂಲಿ ನಿಂತಿತ್ತು. ನನ್ನ ಹೊಲಿಗೆಯಲ್ಲಿ ಬಾಡಿಗೆ, ಕರೆಂಟು ಕಳೆದು ಉಳಿದದ್ದರಲ್ಲೇ ತಿಂಗಳ ಸಂತೆ ಆಗಬೇಕು. ಆ ಸಂತೆ ಮೊದಲಿಗಿಂತ ಚಿಕ್ಕದಾಗಬೇಕು, ಆದರೆ ಅದರೊಳಗೇ ದಿನಾ ಮೊಟ್ಟೆ, ಹಾಲು ಹಿಡಿಸಬೇಕು. ಕಿರಾಣಿ ಅಂಗಡಿಯ ಮುಂದೆ ನಿಂತಾಗ ನನ್ನ ಬಾಯಿಂದ ಬೇಕು ಅನ್ನುವುದಕ್ಕಿಂತ ಬೇಡ ಅನ್ನುವುದೇ ಹೆಚ್ಚು ಬರತೊಡಗಿತು. ಬಿಸ್ಕತ್ತು ಬೇಡ. ಶಾಂಪೂ ಬೇಡ, ಸೀಗೆಪುಡಿ ಸಾಕು. ಬಣ್ಣದ ಪ್ಯಾಕೆಟ್ಟಿನ ಮಸಾಲೆ ಬೇಡ, ಮೆಣಸಿನಕಾಯಿ ಧನಿಯಾ ಬಿಡಿಯಾಗಿ ಕೊಡಿ, ನಾನೇ ಕುಟ್ಟಿಕೊಳ್ಳುತ್ತೇನೆ. ಚಹಾ ಬೆಳಿಗ್ಗೆ ಒಂದೇ ಹೊತ್ತು. ಕರಿಯುವುದು ಪೂರ್ತಿ ನಿಂತು, ಎಣ್ಣೆ ಒಗ್ಗರಣೆಗೆ ಮಾತ್ರ. ಬೆಳಿಗ್ಗೆ ಓಣಿಯ ಮೂಲೆಯ ಗಾಡಿಯಿಂದ ಬರುತ್ತಿದ್ದ ಉಗ್ಗಾಣಿ-ಬಜ್ಜಿಯ ಪೊಟ್ಟಣವೂ ನಿಂತಿತು. ಅದಕ್ಕೆ ಭಾಗ್ಯ ಮುಖ ಊದಿಸಿಕೊಂಡು ಆಮೇಲೆ ತಾನೇ ಸರಿಯಾದಳು.

ತರಕಾರಿಗೆ ಸಂಜೆ ಸಂತೆ ಎದ್ದೇಳುವ ಹೊತ್ತಿಗೆ ಹೋಗತೊಡಗಿದೆ. ಪತ್ತಿಕೊಂಡ ಊರಿನ ಕಡೆಯ ಟೊಮ್ಯಾಟೊ ಅಗ್ಗವಾಗಿ ರಾಶಿ ಬಿದ್ದ ವಾರ ಬುಟ್ಟಿ ತುಂಬ ತಂದು, ಹೆಚ್ಚಿ, ಉಪ್ಪು ಸವರಿ, ಮಾಳಿಗೆಯ ಮೇಲೆ ಒಣಗಿಸಿದೆ. ಸಾರಿನ ಹುಳಿಗೆ ಅದನ್ನೇ ಹಾಕಿ ಹುಣಸೆಹಣ್ಣಿನ ಖರ್ಚು ಉಳಿಯಿತು. ಗ್ಯಾಸ್ ಉಳಿಸೋಣವೆಂದು ಹಿತ್ತಿಲಲ್ಲಿ ಹತ್ತಿಕಟ್ಟಿಗೆಯ ಒಲೆ ಹೂಡಿದೆ. ಹೊಗೆ ಒಳಗೆ ನುಗ್ಗಿ ಅವರು ಉಸಿರು ಸಿಗದೆ ಒದ್ದಾಡಿದರು. ಅವತ್ತೇ ಒಲೆಗೆ ನೀರು ಸುರಿದೆ. ಎಲ್ಲವನ್ನೂ ಉಳಿಸಲು ಆಗುವುದಿಲ್ಲ ಎಂಬುದು ಹಾಗೆ ಗೊತ್ತಾಯಿತು.

ಮಾತ್ರೆ ಶುರುವಾದ ಮೊದಲ ದಿನಗಳಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ನರ್ಸಮ್ಮ ಮೊದಲೇ ಹೇಳಿದ್ದರು, ಆದರೂ ಇಬ್ಬರೂ ಹೆದರಿದೆವು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಒಂದು ದಿನ ನಾನು ಕಾಯಿಸಿ ಆರಿಸಿ ಕೊಟ್ಟ ಹಾಲೆಲ್ಲ ಕುಡಿದ ಕ್ಷಣದಲ್ಲೇ ಹೊರಗೆ ಬಂತು. ಬಚ್ಚಲಲ್ಲಿ ನೀರು ಹಾಕುತ್ತ ನಾನು ಅತ್ತೆ. ಅವರಿಗಾಗಿಯೋ ಹಾಲಿಗಾಗಿಯೋ ನನಗೇ ಗೊತ್ತಾಗಲಿಲ್ಲ. ಅವರು ಗೋಡೆ ಹಿಡಿದು ನಿಂತು, ನಾಳೆಯಿಂದ ಸಣ್ಣ ಲೋಟದಲ್ಲಿ ಕೊಡು, ಸ್ವಲ್ಪ ಸ್ವಲ್ಪ ಕುಡಿಯುತ್ತೇನೆ ಎಂದರು. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವರು ಅವರು.

ಮನೆಯವರೆಲ್ಲ ಟೆಸ್ಟ್ ಮಾಡಿಸಬೇಕೆಂದು ಆಸ್ಪತ್ರೆಯಿಂದ ಹೇಳಿಕಳಿಸಿದರು.

ಭಾಗ್ಯಳ ಎಕ್ಸ್-ರೇ ಬರುವವರೆಗೆ ನಾನು ಬೆಂಚಿನ ಮೇಲೆ ಹೇಗೆ ಕೂತಿದ್ದೆನೋ. ಅವರು ಮಾಸ್ಕ್ ಹಾಕಿಕೊಂಡು ದೂರದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು, ನಮ್ಮ ಕಡೆ ನೋಡಲೇ ಇಲ್ಲ. ಅವಳಿಗೂ ನನಗೂ ಏನೂ ಇರಲಿಲ್ಲ. ಮುಂಜಾಗ್ರತೆಗೆ ಮಾತ್ರೆ ಕೊಟ್ಟರು. ಸುದ್ದಿ ಕೇಳಿ ಅವರು ಮಾಸ್ಕ್ ಸರಿಪಡಿಸುವ ನೆವದಲ್ಲಿ ಕಣ್ಣೊರೆಸಿಕೊಂಡರು.

ಎರಡು ತಿಂಗಳಾದ ಮೇಲೆ ಕಫದಲ್ಲಿ ರೋಗಾಣು ಕಾಣಲಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ ಎಂದರು ಡಾಕ್ಟರಮ್ಮ. ಆದರೆ ತೂಕ ಇದ್ದಲ್ಲೇ ಇತ್ತು. ಸರಿಯಾಗಿ ತಿನ್ನುತ್ತಿದ್ದಾರಾ ಎಂದು ನನ್ನನ್ನು ಕೇಳಿದರು. ತಿನ್ನುತ್ತಿದ್ದಾರೆ ಎಂದೆ. ಅವರ ಪಾಲಿನ ಮೊಟ್ಟೆ, ಹಾಲು ಒಂದು ದಿನವೂ ತಪ್ಪಿಸಿರಲಿಲ್ಲ. ಮತ್ತೆ ತೂಕ ಏಕೆ ಏರುತ್ತಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವರು ಆಟೋದಲ್ಲಿ ಹೊರಗೆ ನೋಡುತ್ತ ಕೂತಿದ್ದರು.

ಆ ವಾರವೇ ಭಾಗ್ಯಳ ಶಾಲೆಯ ಚೀಲ ನಾರತೊಡಗಿತು. ಪುಸ್ತಕ ತೆಗೆದು ಕೊಡವಿದೆ. ತಳದಲ್ಲಿ ಕಾಗದದಲ್ಲಿ ಸುತ್ತಿದ ಬೇಯಿಸಿದ ಮೊಟ್ಟೆ, ಸಿಪ್ಪೆ ಒಡೆದು ಹಸಿರುಗಟ್ಟಿತ್ತು. ಶಾಲೆಯ ಮಧ್ಯಾಹ್ನದ ಊಟದಲ್ಲಿ ಕೊಡುವ ಮೊಟ್ಟೆ.

ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ, "ಅಪ್ಪಗ ತಂದಿದ್ದೆ," ಎಂದಳು. "ಅಪ್ಪ ಮಲಗಿದ್ದ. ನಾ ಮರ್ತೆ."

ಅವಳು ತನ್ನ ಮೊಟ್ಟೆ ತಿನ್ನದೆ ಚೀಲದಲ್ಲಿಟ್ಟು ಅಪ್ಪನಿಗೆ ತರುತ್ತಿದ್ದಳು. ಒಳಗೆ ಹಾಸಿಗೆಯ ಮೇಲಿದ್ದ ಅಪ್ಪನ ಮುಖ ನೋಡಿದೆ. ಉಳಿದದ್ದು ಆ ಮುಖದಲ್ಲೇ ಇತ್ತು, ಕೇಳಿದರೆ ಒಪ್ಪಿಕೊಂಡರು. ಬೆಳಿಗ್ಗೆ ನಾನು ನಲ್ಲಿಗೆ ಹೋದಾಗ ಅವರ ಮೊಟ್ಟೆ, ಅರ್ಧ ಲೋಟ ಹಾಲು ಮಗಳ ಹೊಟ್ಟೆಗೆ ಹೋಗುತ್ತಿತ್ತು. ಸಂಜೆ ಮಗಳ ಮೊಟ್ಟೆ ಬಂದರೆ ಅದರಲ್ಲೂ ಅರ್ಧ ಅವಳಿಗೇ.

ನನಗೆ ನಗು ಬಂತು. ಅದರ ಬೆನ್ನಿಗೇ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಚೀಲವನ್ನು ನೆಲಕ್ಕೆ ಒಗೆದೆ. ನಾನು ಉಪ್ಪಿನಿಂದ ಹಿಡಿದು ಎಲ್ಲದರಲ್ಲಿ ಕಡಿಮೆ ಮಾಡಿ ತರುವುದು ಯಾರಿಗಾಗಿ, ತೂಕ ಏರದೆ ರೋಗ ಮರಳಿದರೆ ಈ ಹುಡುಗಿಯ ಗತಿ ಏನು ಎಂದು ಕೂಗಿದೆ.

ಅವರು ಎದ್ದು ಕೂತರು. "ಕೂಸಿನ ಮುಂದ ಕುಂತು ನಾ ಒಬ್ಬನ ಹೆಂಗ ತಿನ್ಲಿ?" ಎಂದರು. "ಗಂಟಲಾಗ ಇಳಿಯಂಗಿಲ್ಲ."

ನಾನು ಚೀಲ ಎತ್ತಿಕೊಂಡು ತೊಳೆಯಲು ಬಚ್ಚಲಿಗೆ ಹೋದೆ.

ಅವರ ಮಾತಿಗೆ ಉತ್ತರ ಗೋನೆಗಂಡ್ಲದಿಂದ ಬಂತು. ನಮ್ಮ ಅತ್ತೆ, ಅಂದರೆ ಅವರ ತಾಯಿ, ಅಲ್ಲಿ ದೊಡ್ಡ ಮಗನ ಜೊತೆ ಕುರಿ ನೋಡಿಕೊಂಡು ಇರುತ್ತಾರೆ. ಫೋನಿನಲ್ಲಿ ಎಲ್ಲ ಕೇಳಿ, ಬಸ್ಸು ಹತ್ತಿ, ಒಂದು ಚೀಲ ಹುರುಳಿ, ಅಲಸಂದಿ ಹೊತ್ತು ಬಂದರು. ಮಗನ ಗಲ್ಲ ಹಿಡಿದು ನೋಡಿದರು, ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದರು.

"ನೋಡವ್ವಾ, ಇವಗೊಂದು ಅಡಿಗಿ, ನಿಮಗೊಂದು ಅಡಿಗಿ ಮಾಡಿದ್ರ ಇವ ಉಣ್ಣಂಗಿಲ್ಲ. ಸಣ್ಣಾವಿದ್ದಾಗೂ ಹಿಂಗ ಇದ್ದ. ಎಲ್ಲಾರಿಗೂ ಒಂದ ಮಾಡು, ಆದ್ರ ಗಟ್ಟಿದ್ದು ಮಾಡು."

ಒಬ್ಬರ ತಟ್ಟೆಗೆ ಬೆಲೆಯುಳ್ಳದ್ದು ತಂದು, ಉಳಿದವರ ತಟ್ಟೆ ಖಾಲಿ ಮಾಡುವುದು ನನ್ನ ದಾರಿಯಾಗಿತ್ತು. ಅತ್ತೆ ಅದನ್ನು ತಿರುಗಿಸಿದರು. ರೇಷನ್ ಅಕ್ಕಿಯ ಅನ್ನ ಒಂದು ಹೊತ್ತಿಗೆ ಇಳಿಯಿತು, ಇನ್ನೊಂದು ಹೊತ್ತು ಜೋಳದ ರೊಟ್ಟಿ. ದಿನವೂ ಯಾವುದಾದರೊಂದು ಕಾಳು: ಹುರುಳಿ ಸಾರು, ಮೊಳಕೆ ಅಲಸಂದಿ, ಬೇಳೆ ಹಾಕಿದ ಪುಂಡಿ ಸೊಪ್ಪಿನ ಪಲ್ಯ. ಶೇಂಗಾ ಹುರಿದು ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಹಿಂಡಿ ಯಾವಾಗಲೂ ಡಬ್ಬಿಯಲ್ಲಿ. ಮೊಟ್ಟೆ ವಾರದ ಕೆಲವು ದಿನ ಮಾತ್ರ, ಆದರೆ ತಂದ ದಿನ ಎಲ್ಲರಿಗೂ. ಡಾಕ್ಟರಮ್ಮನಿಗೆ ಕೇಳಿಯೇ ಮಾಡಿದೆವು. ಕಾಳಿನಲ್ಲೂ ಪ್ರೋಟೀನ್ ಇದೆ, ಹೊಟ್ಟೆ ತುಂಬ ತಿನ್ನಲಿ ಎಂದರು. ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ಹಣ ಖಾತೆಗೆ ಬಂದಾಗ ಅದೆಲ್ಲ ಶೇಂಗಾ, ಬೇಳೆಗೇ ಹೋಯಿತು. ತಿಂಗಳ ಕೊನೆಗೆ ನೋಡಿದರೆ ಖರ್ಚು ಮೊದಲಿಗಿಂತ ಇಳಿದಿತ್ತು. ಅವರು ಮಗಳ ಜೊತೆ ಪೈಪೋಟಿಗೆ ಬಿದ್ದು ರೊಟ್ಟಿ ತಿನ್ನತೊಡಗಿದ್ದರು. ತೂಕ ಏರಿತು, ಅತ್ತೆ ಊರಿಗೆ ಮರಳಿದರು. ಸಡಿಲವಾಗಿದ್ದ ಅಂಗಿಗಳ ಹೊಲಿಗೆಯನ್ನು ಭಾಗ್ಯಳೇ ಕೂತು ಬಿಚ್ಚಿದಳು.

ಚಿಕಿತ್ಸೆ ಮುಗಿದ ದಿನ ಮತ್ತೆ ಆಸ್ಪತ್ರೆಗೆ ಹೋದೆವು. ಕಫ ಸ್ವಚ್ಛ. ಎಕ್ಸ್-ರೇಯಲ್ಲಿ ಹಳೆಯ ಗಾಯದ ಗುರುತು ಉಳಿದಿದೆ, ಅದು ಇರುತ್ತದೆ, ಕೆಮ್ಮು ಬಂದರೆ ತಡ ಮಾಡದೆ ಬನ್ನಿ ಎಂದರು. ಹತ್ತಿಯ ಧೂಳು ಬೇಡವೆಂದಿದ್ದಕ್ಕೆ ಮಿಲ್ಲಿನವರು ಗೇಟಿನ ಕೆಲಸ ಕೊಡಲು ಒಪ್ಪಿದ್ದರು. ಕೂಲಿ ಕಡಿಮೆ. ಇರಲಿ.

ತೂಕದ ಯಂತ್ರದಿಂದ ಇಳಿದವರು ನನ್ನ ಕಡೆ ನೋಡಿ, "ನೀನೂ ಒಮ್ಮೆ ನಿಲ್ಲು," ಎಂದರು. ಬೇಡವೆಂದೆ. ಬಿಡಲಿಲ್ಲ. ಚಪ್ಪಲಿ ಬಿಟ್ಟು ಹತ್ತಿದೆ. ನರ್ಸಮ್ಮ ಮುಳ್ಳು ನೋಡಿ, ಮೊದಲು ಟೆಸ್ಟ್ ಮಾಡಿಸಿದಾಗಿನ ತೂಕ ತೆಗೆದು ನೋಡಿ, "ಮೀರು ತಿಂಟುನ್ನಾರಾ ಲೇದಾ ಅಮ್ಮಾ?" ಎಂದು ಕೇಳಿದರು. ನೀವು ತಿನ್ನುತ್ತಿದ್ದೀರಾ ಇಲ್ಲವಾ.

ನಾನು ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಿದ್ದೆ. ಕೊನೆಗೆ ಉಳಿದದ್ದೇ ಊಟ. ಅದನ್ನು ಉಳಿತಾಯವೆಂದು ನಾನು ಎಣಿಸಿಯೂ ಇರಲಿಲ್ಲ.

ಮತ್ತೊಮ್ಮೆ ಎಕ್ಸ್-ರೇ ತೆಗೆಸಿದರು. ಟಿಬಿ ಇಲ್ಲ. ರಕ್ತ ಕಡಿಮೆ ಎಂದು ಐರನ್ ಮಾತ್ರೆ ಕೊಟ್ಟರು. ಆ ಮಾತ್ರೆಯ ಪೊಟ್ಟಣವನ್ನು ಮನೆಯವರೆಗೂ ಅವರೇ ಕೈಯಲ್ಲಿ ಹಿಡಿದುಕೊಂಡು ಬಂದರು.

ಮನೆಯಲ್ಲಿ ನಾನು ಸೆರಗು ಸಿಕ್ಕಿಸಿ ಒಲೆಯ ಕಡೆ ಹೊರಟೆ. ಅವರು ನನ್ನ ಭುಜ ಹಿಡಿದು ಕೂರಿಸಿದರು. ಬೆಳಿಗ್ಗೆ ಮಾಡಿಟ್ಟಿದ್ದನ್ನು ತಾವೇ ಬಿಸಿ ಮಾಡಿ ತಟ್ಟೆ ತಂದರು. ಎರಡು ರೊಟ್ಟಿ, ಹುರುಳಿ ಸಾರು, ಅಂಚಿಗೆ ಹಿಂಡಿ, ಅದರ ಮೇಲೆ ಎಣ್ಣೆ. ಸುರಿದದ್ದು ಸ್ವಲ್ಪ ಜಾಸ್ತಿಯೇ ಆಯಿತು, ನಾನು ಸುಮ್ಮನಿದ್ದೆ. ಭಾಗ್ಯ ನೀರಿನ ಚೊಂಬು ತಂದಿಟ್ಟು ಎದುರಿಗೆ ಕಾವಲು ಕೂತಳು.

"ನನ್ನ ಪಾಳಿ ಮುಗೀತು," ಎಂದರು ಅವರು. "ಈಗ ನಿನ್ನ ಪಾಳಿ. ಉಣ್ಣು."

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು. ಆದರೂ ರೊಟ್ಟಿ ಮುರಿದೆ. ಮೊದಲ ತುತ್ತು ಬಿಸಿ ಇತ್ತು. ಬಡಿಸಿದ ಕೂಡಲೇ ತಿಂದರೆ ಸಾರು ಇಷ್ಟು ರುಚಿ ಇರುತ್ತದೆಂದು ನನಗೆ ಮರೆತೇ ಹೋಗಿತ್ತು.