ಬಾವುಟ ಇಳಿಯುವ ಹೊತ್ತು

ಮಾದನಾಯಕನಹಳ್ಳಿಯಲ್ಲಿ ನಮ್ಮ ತುಮಕೂರು ಬಸ್ಸು ಟೀಗೆ ನಿಂತಿತ್ತು. ಅಂಗಡಿಯ ನಂಜಪ್ಪನವರು ಹಿಂದೆ ನೇವಿಯಲ್ಲಿ ಅಡುಗೆಯವರಾಗಿದ್ದವರು. ಗೋಡೆಯ ಮೇಲೆ ಅವರ ಹಡಗಿನ ಫೋಟೋ: ದಡಕ್ಕೇ ಬಂದು ಬಾಯಿ ತೆರೆದು ಸೈನಿಕರನ್ನು, ಟ್ಯಾಂಕುಗಳನ್ನು ಇಳಿಸುವ ಲ್ಯಾಂಡಿಂಗ್ ಶಿಪ್.

"ಇವತ್ತು ಅದು ರಿಟೈರು, ಮೇಡಂ. ಸೂರ್ಯ ಮುಳುಗೋವಾಗ ಬಾವುಟ ಇಳಿಸ್ತಾರೆ. ಹೋಗೋಣ ಅಂದ್ರೆ ಈ ಮಂಡಿ ನೋವು ಬಿಡ್ಲಿಲ್ಲ. ಹಡಗಲ್ಲಿ ಜೊತೆಗಿದ್ದೋನು ಆಗ ಊದೋ ಬ್ಯೂಗಲ್ ಫೋನಲ್ಲೇ ಕೇಳಿಸ್ತೀನಿ ಅಂದವ್ನೆ."

"ವಾರ್ ನೋಡಿದ್ರಾ?"

"ಎಲ್ಲಿ ಬಂತು! ಇಳಿಸಿದ್ದಕ್ಕಿಂತ ಹತ್ತಿಸ್ಕೊಂಡಿದ್ದೇ ಜಾಸ್ತಿ. ನೆರೆಗೆ ಸಿಕ್ಕಿದ ಜನ, ಮಕ್ಕಳು, ಮೇಕೆಗಳು. ಎಲ್ರಿಗೂ ನಂದೇ ಟೀ. ಮೇಕೆ ಬಿಟ್ಟು."

ಫೋನು ಬಂತು. ಎದುರಿಗೇ ನಿಂತ ಬಸ್ಸಿನ ಎಂಜಿನ್ ಸದ್ದಿಗೆ ಅವರಿಗೇನೂ ಕೇಳಿಸಲಿಲ್ಲ. "ಏನ್ಲಾ? ಜೋರಾಗ್ ಇಡ್ಲಾ!" ಎಂದರು, ಅಳು ಬರುವವರಂತೆ. ಆಗಲೇ ಎರಡು ಸಲ ಸೀಟಿ ಊದಿದ್ದ ಕಂಡಕ್ಟರ್ ಬಳಿಗೆ ಹೋಗಿ ವಿಷಯ ಹೇಳಿ, "ಪ್ಲೀಸಪ್ಪ, ಜಸ್ಟ್ ಟೂ ಮಿನಿಟ್ಸ್ ಎಂಜಿನ್ ಆಫ್ ಮಾಡಿಸು" ಎಂದೆ.

"ಲೇಟಾಯ್ತದೆ ಅಜ್ಜಿ," ಎನ್ನುತ್ತಲೇ ಆತ ಡ್ರೈವರಿಗೆ ಕೈ ಮಾಡಿದ.

ಎಂಜಿನ್ ನಿಂತಿತು. ನಂಜಪ್ಪನವರು ಫೋನು ಕಿವಿಗೊತ್ತಿ, ಆ ನೋಯುವ ಮಂಡಿಯಲ್ಲೇ ಅಟೆನ್ಷನ್ನಿಗೆ ನಿಂತರು. ಹಾಲು ಉಕ್ಕಿ ಬಂತು. ನಾನೇ ಹೋಗಿ ಸ್ಟವ್ ಸಣ್ಣ ಮಾಡಿದೆ.

"ಇಳೀತು, ಮೇಡಂ," ಎಂದರು ಕೊನೆಗೆ.

ಕಂಡಕ್ಟರ್ ಮತ್ತೆ ಸೀಟಿ ಊದಲಿಲ್ಲ. ಬಾಗಿಲಲ್ಲಿ ನಿಂತು, ಕೈಸನ್ನೆಯಲ್ಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡ.