ಧರಣೇಂದ್ರಯ್ಯ ಹೇಳಿದ ಕೊನೆ

ಕಾದಂಬರಿಯ ಕೊನೆಯನ್ನು ಮೊದಲೇ ಹೇಳಿ ಕಥೆ ಕೆಡಿಸುವ ಧರಣೇಂದ್ರಯ್ಯನವರ ಮೇಲೆ ನನಗಿನ್ನೂ ಸಿಟ್ಟಿದೆ. ನಿವೃತ್ತ ಗುಮಾಸ್ತರು, ದಿನಾ ಪುತ್ತಿಗೆಯಲ್ಲಿ ನನ್ನ ರಿಕ್ಷಾ ಹತ್ತಿ, ಮೊಬೈಲಿನಲ್ಲಿ ಆಡಿಯೋ ಕಾದಂಬರಿ ಹಾಕಿ, “ಮೆಲ್ಲ ಬಿಡು ಮಾರಾಯ, ಕಥೆಯಲ್ಲಿ ಹೆರಿಗೆ ಆಗ್ತಾ ಉಂಟು” ಎನ್ನುತ್ತಾರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಕಾಯಿಲೆಯ ಹೆಂಗಸೊಬ್ಬಳ ಕಥೆ ಹಾಕಿ, “ಹೆದರಬೇಡ, ಕೊನೆಗೆ ಎದ್ದು ಮನೆಗೆ ಬರ್ತಾಳೆ” ಎಂದಿದ್ದರು. ಹೆಂಡತಿ ಗುಣವಾಗಿ ಬಂದ ಮೇಲೆ ನಾವಿಬ್ಬರೂ ಅದನ್ನು ಪೂರ್ತಿ ಕೇಳಿದೆವು. ಕಥೆಯ ಹೆಂಗಸು ಸಾಯುತ್ತಾಳೆ! ಮರುದಿನ ಜಗಳಕ್ಕೇ ನಿಂತೆ: “ಸುಳ್ಳು ಹೇಳಿದ್ದು ಯಾಕೆ ಮಾರ್ರೆ?” “ಆವತ್ತು ಹ್ಯಾಂಡಲ್ ಮೇಲೆ ನಿನ್ನ ಕೈ ನಡುಗ್ತಾ ಇತ್ತು. ಹಿಂದೆ ಕೂತದ್ದು ನಾನಲ್ವಾ ಮಾರಾಯ!” ಎಂದರು. ನಾನು ರಿಕ್ಷಾ ಸ್ಟಾರ್ಟ್ ಮಾಡಿದೆ. ಉಪಕಾರವಾಯಿತು ಎಂಬ ಒಂದು ಮಾತನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.