ಸೀಸಂ ತೊಟ್ಟಿಲು

ಪರವೂರಿಗೆ ಹೋದವರು ಮೊದಲು ಗುಡಿ ಎಲ್ಲಿ ಎಂದು ಕೇಳುತ್ತಾರೆ, ಇಲ್ಲವೆ ಖಾನಾವಳಿ ಎಲ್ಲಿ ಎಂದು. ನಾನು ಕೇಳುವುದು ಕಟ್ಟಿಗೆ ಅಂಗಡಿಯನ್ನು. ಘತ್ತರಗಿಯಲ್ಲಿ ಮನೆಮಂದಿಯೆಲ್ಲ ಭಾಗ್ಯವಂತಿ ದೇವಿಯ ದರ್ಶನಕ್ಕೆ ಸಾಲು ಹಚ್ಚಿದ್ದಾಗ ನಾನು ಒಬ್ಬ ಬಡಿಗನ ಚಪ್ಪರದಡಿ ಕೂತು ಹೊನ್ನೆಯ ತುಂಡೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಬೀಜದ ಕಂಪನಿಯೊಂದರ ಕೆಲಸ ನನ್ನದು. ಅಫಜಲಪುರದ ಮನೆಯಿಂದ ಹೊರಟು ಮೂರು ತಾಲೂಕು ಬೈಕಿನ ಮೇಲೆ ಸುತ್ತುತ್ತೇನೆ. ಯಾವ ರೈತ ಯಾವ ತೊಗರಿ ಒಯ್ದನೆಂಬುದು ಮರೆತೀತು, ಯಾವ ಅಂಗಡಿಯ ಗೋಡೆಗೆ ಯಾವ ತೊಲೆ ಒರಗಿಸಿದ್ದಾರೆಂಬುದು ಬಾಯಿಪಾಠ. ಇಷ್ಟೆಲ್ಲ ಇದ್ದೂ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ನನಗೆ ಬರುವುದಿಲ್ಲ.

ನಮ್ಮದು ಎರೆ ನೆಲ. ಜಾಲಿ, ಬೇವು, ಹುಣಸೆ ಮುಗಿದರೆ ಗಿಡಗಳ ಪಟ್ಟಿಯೇ ಹೆಚ್ಚುಕಡಿಮೆ ಮುಗಿದಂತೆ. ಅದಕ್ಕೇ ಹೊನ್ನೆಯೋ, ಬೀಟೆ ಜಾತಿಯ ಸೀಸಮ್ಮೋ ಕಂಡರೆ ನನ್ನ ಕಾಲು ಮುಂದೆ ಸಾಗುವುದಿಲ್ಲ. ಹೊನ್ನೆಯ ಚೂರನ್ನು ನೀರಲ್ಲಿ ನೆನೆಹಾಕಿ ಬಿಸಿಲಿಗೆ ಹಿಡಿದರೆ ನೀರು ನೀಲಿಯಾಗಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ಆ ಕಟ್ಟಿಗೆಯ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರೆ. ನನಗಿನ್ನೂ ಆ ಕಾಯಿಲೆ ಬಂದಿಲ್ಲ. ಬಂದಿದ್ದರೆ ಲೋಟ ಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಬರೀ ನೋಡಿ ಹೋಗುವವನನ್ನು ಅಂಗಡಿಯವರು ನಂಬುವುದಿಲ್ಲ. ಜೇವರ್ಗಿಯ ವ್ಯಾಪಾರಿಯೊಬ್ಬರು, "ಮನಿ ಕಟ್ಟಸಾಕತ್ತೀರೇನ್ರಿ?" ಎಂದರು. ಇಲ್ಲವೆಂದೆ. "ಮಗಳ ಲಗ್ನ ಅದ ಏನ್ರಿ?" ಆಗಿ ಹೋಗಿದೆ ಎಂದೆ. ಅವರ ದನಿ ಇಳಿಯಿತು. ಒಂದು ತಂಬಿಗೆ ನೀರು ಮುಂದಿಟ್ಟು, "ಕೂಡ್ರಿ, ಸಮಾಧಾನ ಮಾಡ್ಕೋರಿ. ಯಾರು ತೀರ್ಕೊಂಡ್ರು?" ಎಂದು ಕೇಳಿದರು. ಚಿತೆಯ ಸೌದೆಯನ್ನೂ ಅವರೇ ಮಾರುತ್ತಿದ್ದರು. ಯಾರೂ ಸತ್ತಿಲ್ಲವೆಂದು ಹೇಳಲು ನನಗೆ ಸಂಕೋಚವಾಯಿತು.

ಕೊನೆಗೆ ಹೋದ ವರ್ಷ ನನಗೂ ಒಂದು ಕಾರಣ ಸಿಕ್ಕಿತು. ಮಗಳು ಚೊಚ್ಚಲ ಹೆರಿಗೆಗೆ ಬಂದು ಹೆಣ್ಣು ಕೂಸು ಹೆತ್ತಳು. ಹೆಸರಿಡುವ ದಿನ ತೊಟ್ಟಿಲು ಕೊಡಬೇಕಾದವರು ತವರಿನವರು. ಆಳಂದದಲ್ಲಿ ಮೌನಪ್ಪ ಎಂಬ ಬಡಿಗರಿದ್ದಾರೆ. ಕೆಡವಿದ ಹಳೇ ವಾಡೆಗಳ ಕಟ್ಟಿಗೆಯನ್ನು ತಂದು ಮಾರುತ್ತಾರೆ, ತಾವೇ ಕೆಲಸವನ್ನೂ ಮಾಡುತ್ತಾರೆ. ಅವರಲ್ಲಿದ್ದ ಎರಡು ಸೀಸಂ ತೊಲೆಗಳ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣು. ಮನೆಯಲ್ಲಿ ಯಾರಿಗೂ ತಿಳಿಸದೆ ಅದರಲ್ಲೇ ತೊಟ್ಟಿಲು ಮಾಡಲು ಹೇಳಿಬಂದೆ. ಕರಜಗಿಯ ಬೀಗರಿಗೆ ಮಾತ್ರ ಫೋನು ಮಾಡಿ, ಇಂಥ ತೊಟ್ಟಿಲು ನೀವು ಕಂಡಿರಲಿಕ್ಕಿಲ್ಲ ಎಂದು ಕೊಚ್ಚಿಕೊಂಡೆ.

ತೊಟ್ಟಿಲು ತಯಾರಾದಾಗ ಹೆಂಡತಿ ಶಾಂತಾಳನ್ನು ಕರೆದುಕೊಂಡು ಹೋದೆ. ಅವಳು ಅಂಗೈಯಿಂದ ಸವರಿ, "ಭಾಳ ಚಂದ ಅದ" ಎಂದಳು. ನಾನು ಉಬ್ಬಿದೆ. "ಇದ್ರಾಗ ಯಾರ ಕೂಸು ಬೆಳದದ?"

"ಇದು ಹೊಸಾದು" ಎಂದೆ.

"ಚೊಚ್ಚಲ ಕೂಸಿನ್ನ ಹೊಸಾ ತೊಟ್ಟಲದಾಗ ಹಾಕ್ತಾರೇನ್ರಿ?"

ನನ್ನ ಮುಖ ಸಣ್ಣದಾಯಿತು. ನಮ್ಮ ಮನೆಗಳಲ್ಲಿ ಮೊದಲ ಕೂಸನ್ನು ಮಲಗಿಸುವುದು ಇನ್ನೊಂದು ಕೂಸು ಮಲಗೆದ್ದ ತೊಟ್ಟಿಲಲ್ಲೇ. ಕಟ್ಟಿಗೆಯ ಧ್ಯಾನದಲ್ಲಿ ಇಷ್ಟೂ ನೆನಪಾಗಿರಲಿಲ್ಲ. ಕಟ್ಟಿಗೆ ಅಜ್ಜನ ಕಾಲದ್ದು ಎಂದು ವಾದಿಸಿ ನೋಡಿದೆ.

"ಕಟ್ಟಿಗಿ ಮುದುಕ ಆದ್ರೇನು, ಕೂಸು ಮಲಗಿಲ್ಲಲ್ಲ. ನನ್ನ ತಂಗಿ ಮನ್ಯಾಗ ಕಬ್ಬಿಣದ ತೊಟ್ಟಲ ಅದ, ಮೂರು ಮಕ್ಕಳು ಬೆಳದಾವ. ಅದನ್ನ ತರೂಣು."

ಕಬ್ಬಿಣದ್ದು, ಅದೂ ಹಸಿರು ಬಣ್ಣ ಬಳಿದದ್ದು. ಜನ್ಮವೆಲ್ಲ ಕಟ್ಟಿಗೆ ಅಂಗಡಿ ಸುತ್ತಿದವನ ಮೊಮ್ಮಗಳು ಅದರಲ್ಲಿ ಮಲಗುತ್ತಾಳೆಂದು ನೆನೆದು ನನಗೆ ಅಳುವೇ ಬಂದಂತಾಯಿತು.

ಮೌನಪ್ಪ ವಾದಕ್ಕೆ ಬರಲಿಲ್ಲ. ಒಳಗೆ ಹೋಗಿ ತಮ್ಮ ಒಂಬತ್ತು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದು ತೊಟ್ಟಿಲಲ್ಲಿ ಕೂರಿಸಿದರು. "ಎಂಟು ದಿನ ಇಂವ ಮಲಗ್ಲಿ ಬಿಡ್ರಿ ಅಕ್ಕಾರ. ಆಮ್ಯಾಲ ಒಯ್ರಿ." ಶಾಂತಾ ಒಪ್ಪಿದಳು.

ಆ ಎಂಟು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ದಿನಾ ಫೋನು ಮಾಡಿ, "ಗೀರು ಬಿದ್ದದೇನ್ರಿ?" ಎಂದು ಕೇಳುತ್ತಿದ್ದೆ. "ಗೀರಿನ ಸುದ್ದಿ ಬಿಡ್ರಿ, ಹುಡುಗಗ ಹಲ್ಲು ಬರಾಕತ್ತಾವ" ಎಂದು ಮೌನಪ್ಪ ನಗುತ್ತಿದ್ದರು. ತರಲು ಹೋದಾಗ ಅವನು ಅದರಲ್ಲೇ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸಬಾರದೆಂದು ಎರಡು ಸಲ ಚಹಾ ಕುಡಿದು ಕಾದೆ. ಎದ್ದವನನ್ನು ಎತ್ತಿಕೊಂಡರೆ ಅಂಗಳ ಒಂದು ಮಾಡಿ ಅತ್ತ. ಸೀಸಮ್ಮಿನ ಕದರು ತಿಳಿದವನು ನನ್ನ ಹಾಗೆ ಇನ್ನೊಬ್ಬನಿದ್ದಾನೆ ಎಂದು ಒಳಗೊಳಗೇ ಸಂತೋಷಪಟ್ಟೆ.

ಹೆಸರಿಡುವ ದಿನ ಬೀಗರು ತೊಟ್ಟಿಲ ಸುತ್ತ ಒಂದು ಸುತ್ತು ಬಂದರು. ವಾಡೆಯ ಕಥೆ, ಸೀಸಮ್ಮಿನ ಎಳೆ, ಎಲ್ಲ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರ ಬೆರಳು ಮೇಲಿನ ಪಟ್ಟಿಯ ಮೇಲೆ ನಿಂತಿತು. ಅಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತುಗಳಿದ್ದವು.

"ಯಾರ ಕೂಸು ಮಲಗಿತ್ರಿ ಇದ್ರಾಗ?"

"ಆಳಂದದ ಮೌನಪ್ಪನ ಮೊಮ್ಮಗ" ಎಂದಳು ಶಾಂತಾ.

"ಗಟ್ಟಿ ಹುಡುಗ ಅದಾನ" ಎಂದು ಬೀಗರು ತಲೆದೂಗಿ ಮೊಮ್ಮಗಳನ್ನು ತಾವೇ ಒಳಗೆ ಮಲಗಿಸಿದರು. ಅದು ಯಾವ ಕಟ್ಟಿಗೆಯೆಂದು ಈವರೆಗೂ ಒಬ್ಬರೂ ಕೇಳಿಲ್ಲ, ನಾನೂ ಹೇಳಿಲ್ಲ.